ಸೊಪ್ಪಿಗೆ ತಾಗದ ಹೊಗೆ

ಬೆಳೆಗಾರ: ಮೇಷ್ಟ್ರೇ, ನಿಮ್ಮ ಕಾಲೇಜಲ್ಲಿ ಎಂಜಿನ್ ಹೊಗೆ ಅಳೀತೀರಂತೆ. ಅಳೆದು ಏನ್ ಮಾಡ್ತೀರಿ?

ಮೇಷ್ಟ್ರು: ಬರೆದಿಡ್ತೀವಿ. ಬರೆದದ್ದನ್ನ ಅಚ್ಚು ಹಾಕಿಸ್ತೀವಿ. ನಗಬೇಡಿ, ಅದರಲ್ಲೂ ಕೆಲಸವಿದೆ. ಅಳೆಯೋದು ಯಾವ ಎಂಜಿನ್ ಅಂತ ಗೊತ್ತಾದ್ರೆ ನಿಮಗೇ ಆಶ್ಚರ್ಯ ಆಗುತ್ತೆ. ಕೆ.ಆರ್. ನಗರದ ಕಡೆ ಗದ್ದೆಗೆ ನೀರೆತ್ತುತ್ತಿದ್ದ ಕಿರ್ಲೋಸ್ಕರ್ ಇತ್ತಲ್ಲ, ಅದೇ ಜಾತಿಯದು. ಒಂದೇ ಸಿಲಿಂಡರು, 661 ಸಿಸಿ, 5.2 ಕಿಲೋವ್ಯಾಟ್, ನಿಮಿಷಕ್ಕೆ 1500 ಸುತ್ತು. ಬದುವಿನ ಮೇಲೆ ನಡುಗಿಕೊಂಡು ಓಡುತ್ತಿದ್ದದ್ದನ್ನ ನೆಲಕ್ಕೆ ಬೋಲ್ಟ್ ಹಾಕಿ, ಡೈನಮೋಮೀಟರ್ ಕಟ್ಟಿ, ಹೊಗೆ ಕೊಳವೆಗೆ ಗ್ಯಾಸ್ ಅನಲೈಸರ್ ಚುಚ್ಚಿದರೆ ಸಂಶೋಧನಾ ಎಂಜಿನ್ ಆಯ್ತು. ನಮ್ಮ ದೇಶದಲ್ಲಿ ಈ ಎಂಜಿನ್ನಿನ ಮೇಲೆ ಬಂದಷ್ಟು ಪಿಎಚ್.ಡಿ. ಇನ್ಯಾವ ಯಂತ್ರದ ಮೇಲೂ ಬಂದಿರಲಾರದು.

ಬೆಳೆಗಾರ: ನಮ್ಮನೇದು ಗುಜರಿಗೆ ಹೋಯ್ತು. ಮೊದಲೇ ಹೇಳಿದ್ರೆ ಅದರ ಕೈಲೂ ಓದಿಸಬಹುದಿತ್ತು. ಅದಿರಲಿ, ಹೊಗೇಲಿ ಏನ್ ಸಿಕ್ತು?

ಮೇಷ್ಟ್ರು: ನಾವು ಓಡಿಸಿದ್ದು ಹೊಂಗೆ ಎಣ್ಣೇಲಿ. ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಮಿಕ್ಕಿ ಮಂದ. ನಾಝಲ್‌ನಿಂದ ಸಣ್ಣ ಹನಿಯಾಗಿ ಸಿಡಿಯೋದಿಲ್ಲ, ಅರೆಬರೆ ಉರಿದು ಕರಿ ಕಟ್ಟುತ್ತೆ. ಅದಕ್ಕೆ ಮೆಥನಾಲು, ಒಂದಿಷ್ಟು ಕ್ಷಾರ ಸೇರಿಸಿ ಬಿಸಿ ಮಾಡ್ತೀವಿ. ಗ್ಲಿಸರಿನ್ ತಳಕ್ಕಿಳಿಯುತ್ತೆ, ಮೇಲೆ ನಿಂತ ತೆಳು ಎಣ್ಣೇನೇ ಬಯೋಡೀಸೆಲ್ಲು. ಅದನ್ನ ಡೀಸೆಲ್ ಜೊತೆ ಬೆರೆಸಿ ಓಡಿಸಿದ್ರೆ ಕಪ್ಪು ಹೊಗೆ ಇಳಿಯುತ್ತೆ, ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತೆ. ಎಣ್ಣೆಯೊಳಗೇ ಆಮ್ಲಜನಕ ಇರೋದ್ರಿಂದ ಉರಿ ಪೂರ್ತಿಯಾಗುತ್ತೆ. ಆದರೆ ನೈಟ್ರೋಜನ್ ಆಕ್ಸೈಡುಗಳು ಸಾಮಾನ್ಯವಾಗಿ ಸ್ವಲ್ಪ ಏರ್ತಾವೆ.

ಬೆಳೆಗಾರ: ಎಣ್ಣೇಲಿ ನೈಟ್ರೋಜನ್ ಎಲ್ಲಿಂದ ಬಂತು? ಅದು ಗೊಬ್ಬರದಲ್ಲಿ ತಾನೇ ಇರೋದು?

ಮೇಷ್ಟ್ರು: ಎಣ್ಣೆಯಿಂದ ಅಲ್ಲ, ಗಾಳಿಯಿಂದ. ಗಾಳೀಲಿ ನೂರಕ್ಕೆ 78 ಪಾಲು ಅದೇ ಇದೆ. ಸುಮ್ಮನಿದ್ದಾಗ ಯಾರ ತಂಟೆಗೂ ಹೋಗಲ್ಲ. ಸಿಲಿಂಡರಿನೊಳಗೆ ಉರಿ 1500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆಮ್ಲಜನಕದ ಜೊತೆ ಸೇರಿಕೊಳ್ಳುತ್ತೆ. ಹೆಂಗೆ ಸೇರುತ್ತೆ ಅಂತ ಬಿಡಿಸಿ ತೋರಿಸಿದವನು ಝೆಲ್ಡೋವಿಚ್ ಅನ್ನೋ ಸೋವಿಯತ್ ವಿಜ್ಞಾನಿ. ಅವನ ಸಮೀಕರಣ ಇವತ್ತಿಗೂ ನಮ್ಮ ಕಂಪ್ಯೂಟರ್ ಮಾದರಿಗಳಲ್ಲಿ ಓಡ್ತಾ ಇದೆ. ಉರಿ ಚೆನ್ನಾಗಾದರೆ ಮಸಿ ಕಮ್ಮಿ, ಈ ಆಕ್ಸೈಡು ಜಾಸ್ತಿ. ಉರಿ ತಣ್ಣಗಾದರೆ ಆಕ್ಸೈಡು ಕಮ್ಮಿ, ಮಸಿ ಜಾಸ್ತಿ. ಡೀಸೆಲ್ ಎಂಜಿನ್ ಮೇಲೆ ಕೆಲಸ ಮಾಡೋರ ಆಯಸ್ಸೆಲ್ಲ ಈ ಎರಡರ ನಡುವೆ ಕಳೆದುಹೋಗುತ್ತೆ.

ಬೆಳೆಗಾರ: ಹೊಂಗೆ ಎಣ್ಣೆ ಸುದ್ದಿ ನಾನೂ ಕೇಳಿದ್ದೆ. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರೊಬ್ಬರು ಹಳ್ಳೀಲೇ ಜನರೇಟರ್ ಓಡಿಸಿದ್ರು ಅಂತ.

ಮೇಷ್ಟ್ರು: ಉಡುಪಿ ಶ್ರೀನಿವಾಸ. ಭಾರತೀಯ ವಿಜ್ಞಾನ ಸಂಸ್ಥೆಯವರು. ಮಂಡ್ಯ ಜಿಲ್ಲೆ ಕಗ್ಗನಹಳ್ಳೀಲಿ ಹೊಂಗೆ ಎಣ್ಣೇಲಿ ಜನರೇಟರ್ ಓಡಿಸಿ ಹೊಲಕ್ಕೆ ನೀರೆತ್ತಿಸಿದ್ರು. ಆಮೇಲೆ ಹಾಸನದ ಮಡೆನೂರಲ್ಲಿ ಜೈವಿಕ ಇಂಧನ ಪಾರ್ಕ್ ಆಯ್ತು, 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು, ಬೇಲಿ ಬದಿಗೆಲ್ಲ ಹೊಂಗೆ ನೆಟ್ಟಿದ್ದೂ ಆಯ್ತು. ನನ್ನ ಕೇಳಿದ್ರೆ, ಎಂಜಿನ್ ಲ್ಯಾಬಲ್ಲಿ ಪ್ರಬಂಧಗಳು ಬೆಳೆದ ವೇಗದಲ್ಲಿ ಹಳ್ಳೀಲಿ ಬೀಜ ಆಯೋ ಕೂಲಿ ಬೆಳೀಲಿಲ್ಲ. ಬೀಜ ಆಯೋರಿಗೆ ದುಡ್ಡು ಹುಟ್ಟದಿದ್ರೆ ನಾಝಲ್ ಒತ್ತಡ ಎಷ್ಟು ಸರಿ ಮಾಡಿದ್ರೂ ಅಷ್ಟೇ.

ಬೆಳೆಗಾರ: ಅದು ಸರಿಯಾಗ್ ಹೇಳಿದ್ರಿ. ಈಗ ಹೊಗೆಸೊಪ್ಪು ಬೇಯಿಸೋ ನಮ್ಮ ಬ್ಯಾರನ್ ನೋಡಿ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಈಚೆ ಮಗ್ಗುಲು, ಜುಲೈಯಿಂದ ಅಕ್ಟೋಬರ್‌ವರೆಗೆ ಊರೂರಲ್ಲೂ ಬ್ಯಾರನ್ ಉರೀತಾವೆ. ಒಂದು ಸಲ ಹಚ್ಚಿದ್ರೆ ಐದಾರು ದಿನ ಆರಿಸೋ ಹಂಗಿಲ್ಲ. ಇದಕ್ಕೆ ನಿಮ್ಮ ಮೀಟರ್ ಚುಚ್ಚಿದ್ದೀರಾ?

ಮೇಷ್ಟ್ರು: ನಾನು ಚುಚ್ಚಿಲ್ಲ. ಎಂಜಿನ್ ಇರೋ ಕಡೆ ಮೀಟರ್ ಇತ್ತು. ಆದರೆ ಲೆಕ್ಕ ಹಾಕಿದ್ದೀನಿ. ಹೇಳಿ, ಒಂದು ಕೆಜಿ ಬೆಂದ ಸೊಪ್ಪಿಗೆ ಹಸಿ ಸೊಪ್ಪು ಎಷ್ಟು ಬೇಕು?

ಬೆಳೆಗಾರ: ಆರೂವರೆ, ಏಳು. ಮಳೆಗಾಲದ ಸೊಪ್ಪಾದ್ರೆ ಇನ್ನೂ ಸ್ವಲ್ಪ.

ಮೇಷ್ಟ್ರು: ಅಲ್ಲಿಗೆ ಐದೂವರೆ ಕೆಜಿಯಷ್ಟು ನೀರು ಆವಿ ಮಾಡಬೇಕು. ಒಂದು ಕೆಜಿ ನೀರಿಗೆ ಸುಮಾರು 2.4 ಮೆಗಾಜೂಲ್ ಶಾಖ. ಒಟ್ಟು 13. ಒಣಗಿದ ಸೌದೆ ಒಂದು ಕೆಜಿ ಉರಿದ್ರೆ 15 ಕೊಡುತ್ತೆ. ಬರೀ ನೀರು ಓಡಿಸೋಕೆ ಒಂದು ಕೆಜಿ ಸೊಪ್ಪಿಗೆ ಒಂದು ಕೆಜಿ ಸೌದೆ ಸಾಕು, ಇನ್ನೂ ಒಂಚೂರು ಮಿಗುತ್ತೆ. ನೀವು ಎಷ್ಟು ಹಾಕ್ತೀರಿ?

ಬೆಳೆಗಾರ: ನಾಲ್ಕೈದು ಕೆಜಿ. ಹಸಿ ಸೌದೆ ಆದ್ರೆ ಕೇಳಲೇಬೇಡಿ.

ಮೇಷ್ಟ್ರು: ಐದರಲ್ಲಿ ನಾಲ್ಕು ಪಾಲು ಗೋಡೆಗೆ, ಸೂರಿನ ಕಿಂಡಿಗೆ, ಚಿಮಣಿಗೆ.

ಬೆಳೆಗಾರ: ಕಿಂಡಿ ತೆಗೀದೆ ಹೆಂಗೆ ಸ್ವಾಮಿ? ಮೊದಲು 35, 38 ಡಿಗ್ರೀಲಿ ತೇವ ಉಳಿಸಿಕೊಂಡು ಹಳದಿ ಬರಿಸಬೇಕು. ಆಮೇಲೆ ಕಿಂಡಿ ತೆಗೆದು ಬಣ್ಣ ನಿಲ್ಲಿಸಬೇಕು. ಕೊನೇಲಿ ದಂಟು ಒಣಗೋಕೆ 70ರವರೆಗೂ ಏರಿಸಬೇಕು. ರಾತ್ರಿ ಒಂದ್ ಗಳಿಗೆ ಕಣ್ಣು ಮುಚ್ಚಿ ಶಾಖ ಬಿದ್ರೆ ಸೊಪ್ಪು ಕಪ್ಪಾಗುತ್ತೆ, ಹರಾಜಲ್ಲಿ ಬೇಲ್ ಮುಟ್ಟೋರಿಲ್ಲ. ನಿಮ್ಮ ಲೆಕ್ಕದಲ್ಲಿ ಈ ನಿದ್ದೆಗೇಡು ಎಲ್ಲಿದೆ?

ಮೇಷ್ಟ್ರು: ಇಲ್ಲ. ಮಾದರಿ ಅಂದ್ರೇನೇ ಏನು ಬಿಡಬೇಕು ಅಂತ ತೀರ್ಮಾನ ಮಾಡೋದು. ಎಂಜಿನ್ ಮಾದರೀಲೂ ಹಂಗೇ. ಇಂಧನ ಯಾವ ಗತೀಲಿ ಉರಿಯುತ್ತೆ ಅನ್ನೋದಕ್ಕೆ ವೀಬೆ ಅನ್ನೋನ ಒಂದು ಸೂತ್ರ ಇದೆ. ಇಡೀ ಉರಿಯನ್ನ ಎರಡು ಮೂರು ಅಂಕಿಗೆ ಇಳಿಸಿಬಿಡ್ತಾನೆ. ಆ ಅಂಕಿ ಎಲ್ಲಿಂದ? ಬೋಲ್ಟ್ ಹಾಕಿದ ಎಂಜಿನ್‌ನಿಂದ ಅಳೆದು ತಂದದ್ದು. ಪ್ರಯೋಗ ಇಲ್ಲದ ಮಾದರಿ ಬರೀ ಊಹೆ. ಮಾದರಿ ಇಲ್ಲದ ಪ್ರಯೋಗ ಒಂದೇ ಎಂಜಿನ್ನಿನ ಚರಿತ್ರೆ, ಪಕ್ಕದ ಮನೆ ಎಂಜಿನ್‌ಗೆ ಅದರಿಂದ ಏನೂ ಹೇಳೋಕಾಗಲ್ಲ. ಆದ್ರೆ ನಿಮ್ಮ ಬ್ಯಾರನ್ನಿನಲ್ಲಿ ನನಗೆ ಬೇರೆ ಒಂದು ವಿಷಯ ಆಶ್ಚರ್ಯ. ಒಳಗೆ ಒಂದು ಎಳೆ ಹೊಗೆ ಇಲ್ಲ.

ಬೆಳೆಗಾರ: ಇರಬಾರದು. ಒಲೆ ಹೊರಗಡೆ, ತಗಡಿನ ಕೊಳವೆ ಒಳಗಡೆ. ಕೊಳವೆ ಕಾದು ಶಾಖ ಕೊಡಬೇಕು, ಹೊಗೆ ಚಿಮಣಿಗೆ ಹೋಗಬೇಕು. ಕೊಳವೇಲಿ ತೂತು ಬಿದ್ದು ಸೊಪ್ಪಿಗೆ ಹೊಗೆ ವಾಸನೆ ಹಿಡಿದ್ರೆ ಗ್ರೇಡ್ ಬಿದ್ದೋಗುತ್ತೆ.

ಮೇಷ್ಟ್ರು: ಇದೇ ಕೊಳವೆ ಬಗ್ಗೆ ಅಮೆರಿಕದಲ್ಲಿ ಒಂದು ದೊಡ್ಡ ಕತೆ ಆಗಿದೆ. ಅಲ್ಲಿನ ಬೆಳೆಗಾರರು ಗ್ಯಾಸ್ ಉರಿಸಿ, ಖರ್ಚು ಉಳೀಲಿ ಅಂತ ಕೊಳವೆ ಬಿಟ್ಟು, ಉರಿದ ಗಾಳೀನ ನೇರ ಸೊಪ್ಪಿನ ಮೇಲೇ ಬಿಡ್ತಿದ್ರು. ಗ್ಯಾಸಿಗೆ ಮಸಿ ಇಲ್ಲ, ವಾಸನೆ ಇಲ್ಲ, ಏನು ತೊಂದರೆ? 1990ರ ದಶಕದ ಕೊನೇಲಿ ಗೊತ್ತಾಯ್ತು. ಆ ಉರೀಲಿ ಹುಟ್ಟಿದ ನೈಟ್ರೋಜನ್ ಆಕ್ಸೈಡು ಸೊಪ್ಪಿನ ನಿಕೋಟಿನ್ ಜೊತೆ ಸೇರಿ ನೈಟ್ರೋಸಮೈನ್ ಆಗ್ತಿತ್ತು. ಕ್ಯಾನ್ಸರ್ ತರೋ ಪದಾರ್ಥ. ಆಮೇಲೆ ಅಲ್ಲೂ ಶಾಖ ಮಾತ್ರ ಒಳಗೆ ಬಿಡೋ ಹಂಗೆ ಬ್ಯಾರನ್‌ಗಳನ್ನ ಬದಲಾಯಿಸಿದ್ರು. ಕಿರ್ಲೋಸ್ಕರ್ ಬಾಲದಲ್ಲಿ ನಾನು ಅಳೀತಿದ್ದ ಅದೇ ಆಕ್ಸೈಡು.

ಬೆಳೆಗಾರ: ಹಂಗಾದ್ರೆ ನಮ್ಮ ಹಳೇ ತಗಡಿನ ಕೊಳವೇನೇ ಗೆದ್ದಿತು ಅನ್ನಿ.

ಅಕ್ಕ (ಬೆಳೆಗಾರನ ಮನೆಯವರು): ಗೆದ್ದಿತು, ಸೊಪ್ಪಿನ ಮಟ್ಟಿಗೆ. ಸೊಪ್ಪಿಗೆ ಹೊಗೆ ತಾಗಬಾರದು ಅಂತ ಒಂದು ಕೊಳವೆ, ಒಂದು ಚಿಮಣಿ. ನನ್ನ ಅಡುಗೆಮನೇಲಿ ಯಾವ ಕೊಳವೆ ಇದೆ ಕೇಳಿ ಇವರನ್ನ.

ಬೆಳೆಗಾರ: ಗ್ಯಾಸ್ ಇದೆಯಲ್ಲ?

ಅಕ್ಕ: ಇದೆ. ಟೀಗೆ, ಸಾರಿಗೆ. ಮುದ್ದೆಗೆ, ಹಂಡೆ ನೀರಿಗೆ ಸೌದೆ. ಹಂಗಾಮು ಮುಗಿದ ಮೇಲೆ ಹೊಗೆಸೊಪ್ಪಿನ ಕಡ್ಡಿ. ಬ್ಯಾರನ್ ಹತ್ರ ಕೂಲಿಯವರು ಇದ್ದಾಗ ಹತ್ತು ಜನರ ಅಡುಗೆ ಯಾವ ಸಿಲಿಂಡರಲ್ಲಿ ಮಾಡಲಿ? ಆ ಕಡ್ಡಿ ಹೊಗೆ ಗಂಟಲಿಗೆ ಹೆಂಗೆ ಹತ್ತುತ್ತೆ ಅಂದ್ರೆ, ನಿಮ್ಮ ಮೀಟರ್‌ಗೂ ಕೆಮ್ಮು ಬರುತ್ತೆ.

ಮೇಷ್ಟ್ರು: ಅಕ್ಕ, ದಿನಕ್ಕೆ ಎಷ್ಟು ಹೊತ್ತು ಒಲೆ ಮುಂದೆ ಇರ್ತೀರಿ?

ಅಕ್ಕ: ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ.

ಮೇಷ್ಟ್ರು: ಎಷ್ಟು ವರ್ಷದಿಂದ?

ಅಕ್ಕ: ಮದುವೆಯಾಗಿ ಬಂದಾಗಿನಿಂದ. ಮೂವತ್ತು ಅನ್ನಿ.

ಮೇಷ್ಟ್ರು: ಮೂರು ಮೂವತ್ತಲ 90. ಮೈಸೂರಿನ ಜೆಎಸ್‌ಎಸ್ ಮೆಡಿಕಲ್ ಕಾಲೇಜಿನ ವೈದ್ಯರು ಮೈಸೂರು, ನಂಜನಗೂಡು ತಾಲ್ಲೂಕಿನ ಹಳ್ಳಿ ಹೆಂಗಸರಲ್ಲಿ ಇದೇ ಲೆಕ್ಕ ಹಿಡಿದು ನೋಡಿದ್ರು. ದಿನದ ಗಂಟೆ ಗುಣಿಸು ವರ್ಷ, ಅಷ್ಟೇ ಸೂತ್ರ. 2013ರಲ್ಲಿ ಪ್ರಕಟ ಆಯ್ತು. ಆ ಅಂಕಿ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಗಮನಕ್ಕೆ ಬರೋ ಹಂಗೆ ಏರುತ್ತೆ ಅಂತ ಕಂಡುಕೊಂಡ್ರು. ಅಂದ್ರೆ ವರ್ಷದಲ್ಲಿ ಮೂರು ತಿಂಗಳಂತೆ ಎರಡು ವರ್ಷ ಸತತ ಕಫದ ಕೆಮ್ಮು. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ.

ಅಕ್ಕ: ನನಗೆ ಚಳಿಗಾಲ ಪೂರ್ತಿ ಇರುತ್ತೆ. ಧೂಳು ಅಂದ್ಕೊಂಡಿದ್ದೆ.

ಮೇಷ್ಟ್ರು: ಒಂದು ಸಲ ಮೈಸೂರಿಗೆ ಹೋಗಿ ಊದಿಸಿ ನೋಡುವ ಪರೀಕ್ಷೆ ಮಾಡಿಸಿಕೊಳ್ಳಿ. ಅಂಕಿ 90 ಆದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ನೋಡಿಸಿಕೊಳ್ಳಬೇಕು ಅಂತ.

ಬೆಳೆಗಾರ: ನಿಮ್ಮ ಸಾವಿರಾರು ರೂಪಾಯಿ ಮೀಟರ್ ಬೇಕಾಗಲಿಲ್ಲ ನೋಡಿ. ಬಾಯಿಲೆಕ್ಕದಲ್ಲೇ ಆಯ್ತು.

ಮೇಷ್ಟ್ರು: ಸಾವಿರ ಅಲ್ಲ, ಲಕ್ಷ. ಮಾತು ಒಪ್ಪಿದೆ. ಆದ್ರೆ ಆ ಬಾಯಿಲೆಕ್ಕಕ್ಕೂ ಒಂದು ಕುರುಡು ಇದೆ. ಒಲೆಗೆ ಚಿಮಣಿ ಇದೆಯೋ ಇಲ್ಲವೋ, ಸೌದೆ ಹಸಿಯೋ ಒಣಗಿದ್ದೋ, ಸೂರು ಎತ್ತರವೋ ತಗ್ಗೋ, ಅದಕ್ಕೆ ಕಾಣಲ್ಲ. ಗಂಟೆ ಮಾತ್ರ ಕಾಣುತ್ತೆ. ನನ್ನ ಎಂಜಿನ್ ಲೆಕ್ಕದ್ದು ಇದಕ್ಕೆ ತಿರುವುಮುರುವು. ಒಂದು ಕಿಲೋವ್ಯಾಟ್ ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಹೊಗೆ ಅಂತ ದಶಮಾಂಶದವರೆಗೆ ಹೇಳ್ತೀನಿ, ಆ ಹೊಗೆ ಯಾರ ಮೂಗಿಗೆ ಹೋಯ್ತು ಅಂದ್ರೆ ಉತ್ತರ ಇಲ್ಲ. ವೈದ್ಯರು ಎದೆಯ ಹತ್ರ ನಿಂತಿದ್ದಾರೆ, ನಾನು ಬೆಂಕಿಯ ಹತ್ರ. ನಡುವೆ ಗಾಳಿ ಇದೆ. ಅದು ಭೌತಶಾಸ್ತ್ರದವರ ಪಾಲು.

ಬೆಳೆಗಾರ: ಗಾಳೀಲಿ ಏನಿದೆ ನೋಡೋಕೆ? ಹೊಗೆ ಮೇಲಕ್ಕೆ ಹೋಗುತ್ತೆ.

ಮೇಷ್ಟ್ರು: ಮಧ್ಯಾಹ್ನ ಹೋಗುತ್ತೆ. ಬೆಳಗಿನ ಜಾವ?

ಬೆಳೆಗಾರ: ಬೆಳಗಿನ ಜಾವ... ಹೌದು, ಕೆರೆ ಏರಿ ಮಟ್ಟದಲ್ಲೇ ಅಡ್ಡಡ್ಡ ಹಾಸಿರುತ್ತೆ.

ಮೇಷ್ಟ್ರು: ರಾತ್ರಿ ನೆಲ ತಣ್ಣಗಾಗುತ್ತೆ, ನೆಲಕ್ಕಂಟಿದ ಗಾಳಿ ತಣ್ಣಗಾಗುತ್ತೆ, ಮೇಲಿನದು ಬೆಚ್ಚಗೇ ಇರುತ್ತೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಂಗೆ. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದವರು ಮೈಸೂರಿನ ಗಾಳೀಲಿ ರೇಡಾನ್ ಅಳೆದಿದ್ದಾರೆ. ನಮ್ಮ ಕಲ್ಲು ಮಣ್ಣಲ್ಲಿರೋ ಯುರೇನಿಯಂ, ರೇಡಿಯಂ ಕ್ಷಯಿಸಿ ನೆಲದಿಂದ ಏಳೋ ಅನಿಲ ಅದು. ಬಣ್ಣ ಇಲ್ಲ, ವಾಸನೆ ಇಲ್ಲ, ವಿಕಿರಣ ಇದೆ. ಅದು ಗಾಳೀಲಿ ಬೆಳಗಿನ ಜಾವ ಅತಿ ಹೆಚ್ಚು, ಮಧ್ಯಾಹ್ನ ಅತಿ ಕಡಿಮೆ. ನೆಲ ಹಗಲು ರಾತ್ರಿ ಹೆಚ್ಚುಕಮ್ಮಿ ಒಂದೇ ಸಮ ಬಿಡ್ತಾ ಇದ್ರೂ, ತಟ್ಟೆ ಮುಚ್ಚಿದ್ದಾಗ ಕೆಳಗೇ ತುಂಬಿಕೊಳ್ಳುತ್ತೆ. ರೇಡಾನ್ ಏರಿಳಿತ ನೋಡಿದ್ರೆ ತಟ್ಟೆ ಯಾವಾಗ ಮುಚ್ಚುತ್ತೆ, ಯಾವಾಗ ತೆರೆಯುತ್ತೆ ಅಂತ ತಿಳಿಯುತ್ತೆ. ಹೊಗೆಗೂ ಅದೇ ವೇಳಾಪಟ್ಟಿ.

ಅಕ್ಕ: ನಾನು ಒಲೆ ಹಚ್ಚೋದೂ ಅದೇ ಹೊತ್ತಿಗೆ.

ಮೇಷ್ಟ್ರು: ಇವರು ಬ್ಯಾರನ್‌ಗೆ ಸೌದೆ ತುಂಬೋದೂ ಅದೇ ಹೊತ್ತಿಗೆ. ಚಿಮಣಿ ಹೊಗೆಗೆ ನಮ್ಮ ಹತ್ರ ಒಂದು ಹಳೇ ಮಾದರಿ ಇದೆ. ಚಿಮಣಿ ಎತ್ತರ ಎರಡರಷ್ಟಾದ್ರೆ ನೆಲದ ಮೇಲೆ ಬೀಳೋ ಗರಿಷ್ಠ ಹೊಗೆ ಸರಿಸುಮಾರು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತೆ ಅನ್ನುತ್ತೆ ಅದು. ಬೀಸೋ ಗಾಳಿಗೆ ಸರಿ. ತಟ್ಟೆ ಮುಚ್ಚಿದ ಊರಿಗೆ, ಸಾಲಾಗಿ ನಾಲ್ಕೈದು ಬ್ಯಾರನ್ ಇರೋ ಬೀದಿಗೆ, ಆ ಸೂತ್ರ ನಂಬಿ ಕೂರೋಕಾಗಲ್ಲ. ಅಲ್ಲಿ ಅಳೀಲೇಬೇಕು.

ಬೆಳೆಗಾರ: ರೇಡಾನ್ ಅಂದ್ರಲ್ಲ, ಅದು ನಮ್ಮ ಸೊಪ್ಪಿಗೂ ಅಂಟುತ್ತಾ? ಎಲ್ಲೋ ಓದಿದ ನೆನಪು.

ಮೇಷ್ಟ್ರು: ರೇಡಾನ್ ಅಂಟಲ್ಲ, ಅದರ ಮೊಮ್ಮಕ್ಕಳು ಅಂಟ್ತಾರೆ. ನಾಲ್ಕು ದಿನದೊಳಗೆ ಅದು ಅರ್ಧಕ್ಕಿಳಿದು ಕೊನೆಗೆ ಸೀಸ 210, ಅದರಿಂದ ಪೊಲೋನಿಯಂ 210 ಹುಟ್ಟುತ್ತೆ. ಇವು ಧೂಳಿನ ಜೊತೆ ಇಳೀತಾವೆ. ಹೊಗೆಸೊಪ್ಪಿನ ಎಲೆ ಮೇಲೆ ಅಂಟು ರೋಮ ಇರುತ್ತಲ್ಲ, ಮುರಿಯುವಾಗ ಕೈಗೆ ಕರಿ ಮೇಣ ಹತ್ತೋದು, ಆ ರೋಮಕ್ಕೆ ಕೂತುಬಿಡ್ತಾವೆ. ಫಾಸ್ಫೇಟ್ ಗೊಬ್ಬರದಿಂದಲೂ ಒಂದಿಷ್ಟು ಬರುತ್ತೆ. ಸಿಗರೇಟ್ ಹೊಗೇಲಿ ಪೊಲೋನಿಯಂ ಇದೆ ಅಂತ 1964ರಲ್ಲೇ ರಾಡ್‌ಫರ್ಡ್, ಹಂಟ್ ಅನ್ನೋ ಇಬ್ಬರು ಹಾರ್ವರ್ಡಲ್ಲಿ ತೋರಿಸಿದ್ರು. ಎಲೆ ತೊಳೆದ್ರೆ ಪೂರ್ತಿ ಹೋಗಲ್ಲ.

ಬೆಳೆಗಾರ: ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ತಳಿ ಹೇಳ್ತಾರೆ, ರೋಗ ಹೇಳ್ತಾರೆ, ಗೊಬ್ಬರ ಹೇಳ್ತಾರೆ. 1984ರಿಂದ ಹರಾಜು ಇದೆ. ಅಲ್ಲಿ ಕೋಟಾ ಕೇಳ್ತಾರೆ, ಲೈಸೆನ್ಸ್ ಕೇಳ್ತಾರೆ, ಬೇಲಲ್ಲಿ ತೇವ ಎಷ್ಟು ಅಂತ ಕೈ ಹಾಕಿ ನೋಡ್ತಾರೆ. ಬಸ್ಸಿಗೆ 2020ರಿಂದ ಬಿಎಸ್ 6 ಹೊಗೆ ನಿಯಮ ಅಂತೆ. ನನ್ನ ಬೈಕಿಗೆ ಹೊಗೆ ಸರ್ಟಿಫಿಕೇಟ್ ಇಲ್ಲ ಅಂತ ಹೆದ್ದಾರೀಲಿ ದಂಡ ಹಾಕಿದ್ರು. ಬ್ಯಾರನ್ ಹೊಗೆ ಎಷ್ಟು ಅಂತ ಇವತ್ತಿನವರೆಗೆ ನನ್ನನ್ನ ಒಬ್ಬರೂ ಕೇಳಿಲ್ಲ.

ಮೇಷ್ಟ್ರು: ಟ್ರ್ಯಾಕ್ಟರಿಗೂ ಬಸ್ಸಿನ ನಿಯಮ ಇಲ್ಲ. 2023ರಲ್ಲಿ ಬಿಗಿಯಾದದ್ದು 50 ಎಚ್‌ಪಿ ಮೇಲಿನದಕ್ಕೆ. ಕೆ.ಆರ್. ನಗರದ ಕೆಸರಲ್ಲಿ ಓಡೋದು ಬಹುಪಾಲು ಅದಕ್ಕಿಂತ ಕೆಳಗಿನವು. ಡೀಸೆಲ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಆಧಾರವಾದದ್ದು ಬಹುಮಟ್ಟಿಗೆ ಗಣಿ ಕಾರ್ಮಿಕರ ಎದೆ. ನಮ್ಮ ಟ್ರ್ಯಾಕ್ಟರ್ ಡ್ರೈವರ್ ಬಯಲಲ್ಲಿ ಇರ್ತಾನೆ, ಅಷ್ಟು ಅಪಾಯ ಇಲ್ಲದಿರಬಹುದು. ಅಳೆದ್ರೆ ತಾನೇ ತಿಳಿಯೋದು.

ಅಕ್ಕ: ಹೊಗೆ ಮಾತೇ ಆಯ್ತು. ಹಸಿ ಸೊಪ್ಪಿನ ಮಾತು ಯಾರೂ ಆಡಲಿಲ್ಲ. ಇಬ್ಬನೀಲಿ ಸೊಪ್ಪು ಮುರಿದ ದಿನ ತಲೆ ಸುತ್ತಿ ವಾಂತಿ ಆಗುತ್ತೆ. ಕೋಟೆ ಕಡೆ ಹಾಡಿಯಿಂದ ಬರೋ ಹುಡುಗೀರಿಗೆ ಮೊದಲನೇ ವಾರ ಊಟವೇ ಸೇರಲ್ಲ. ಬಿಸಿಲಿಗೆ ಅಂತಾರೆ.

ಮೇಷ್ಟ್ರು: ಬಿಸಿಲಿಗಲ್ಲ, ನಿಕೋಟಿನ್‌ಗೆ. ಅದು ನೀರಲ್ಲಿ ಕರಗುತ್ತೆ, ಒದ್ದೆ ಎಲೆಯಿಂದ ಚರ್ಮದ ಮೂಲಕ ಮೈಗೆ ಇಳಿಯುತ್ತೆ. 1970ರಲ್ಲೇ ಫ್ಲಾರಿಡಾದ ಕೂಲಿಗಳಲ್ಲಿ ಇದನ್ನ ಗುರುತಿಸಿದ್ದಾರೆ, ಹಸಿ ತಂಬಾಕು ಕಾಯಿಲೆ ಅಂತಲೇ ಹೆಸರು. ಸೊಪ್ಪು ಆರಿದ ಮೇಲೆ ಮುರೀಬೇಕು, ತೋಳು ತುಂಬಾ ಬಟ್ಟೆ, ಮಳೇಲಾದ್ರೆ ಪ್ಲಾಸ್ಟಿಕ್ ಕೋಟು, ಒದ್ದೆಯಾದ ಬಟ್ಟೆ ಕೂಡಲೇ ಬದಲಾಯಿಸಬೇಕು. ಮಕ್ಕಳನ್ನ ಕರೀಲೇಬಾರದು. ಇದಕ್ಕೆ ಯಾವ ಸಂಶೋಧನೆಯೂ ಬಾಕಿ ಇಲ್ಲ.

ಬೆಳೆಗಾರ: ಬೆಳೇನೇ ಬಿಡಿ ಅಂತೀರಾ ಕೊನೆಗೆ?

ಮೇಷ್ಟ್ರು: ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಅಂತ ಅದರಲ್ಲಿ ಬರೆದಿದೆ. ಈ ಮಳೆಯಾಶ್ರಯದ ಕೆಂಪು ಮಣ್ಣಲ್ಲಿ ಎಕರೆಗೆ ಇಷ್ಟು ದುಡ್ಡು ತರೋ ಬೇರೆ ಬೆಳೆ ಯಾವುದು ಅಂತ ನನ್ನ ಕೇಳಬೇಡಿ, ನಾನು ಎಂಜಿನ್ ಮೇಷ್ಟ್ರು. ಆದ್ರೆ ಬೆಳೆ ಇರೋವರೆಗೂ ಉರಿ ಇರುತ್ತೆ, ಉರಿ ಇರೋವರೆಗೂ ಅದರ ಮುಂದೆ ಜನ ಇರ್ತಾರೆ. ನಾವು ಬೆಂಕಿಯಿಂದ ಹೊರಟು ಎದೆ ಮುಟ್ಟೋಕೆ ಹೊರಟಿದ್ವಿ, ಮುಟ್ಟಲೇ ಇಲ್ಲ. ಎದೆಯಿಂದ ಹೊರಟು ಬೆಂಕಿಯ ಕಡೆಗೆ ಬರಬೇಕಿತ್ತು. ಕೆಮ್ಮೋರು ಯಾರು ಅಂತ ಮೊದಲು, ಅವರ ಸುತ್ತ ಗಾಳಿ ಎಂಥದು ಅಂತ ಆಮೇಲೆ, ಅದಕ್ಕೆ ಯಾವ ಒಲೆ, ಯಾವ ಚಿಮಣಿ, ಯಾವ ಎಂಜಿನ್ ಕಾರಣ ಅಂತ ಕೊನೆಗೆ.

ಬೆಳೆಗಾರ: ಹಂಗಾದ್ರೆ ಜುಲೈ ಕೊನೇಲಿ ಬನ್ನಿ. ಮೊದಲ ಸೊಪ್ಪು ಮುರಿದು ಬ್ಯಾರನ್ ಹಚ್ಚೋ ಹೊತ್ತು. ಒಂದು ಮೀಟರ್ ಬ್ಯಾರನ್ ಒಲೆ ಮುಂದೆ ಇಡಿ, ಒಂದು ಟ್ರ್ಯಾಕ್ಟರ್ ಸೀಟಿಗೆ ಕಟ್ಟಿ. ಕರೆಂಟ್ ನಾನು ಕೊಡ್ತೀನಿ.

ಅಕ್ಕ: ಒಂದು ನನ್ನ ಅಡುಗೆಮನೇಲೂ ಇಡಿ. ಬರುವಾಗ ಊದಿಸಿ ನೋಡೋ ಡಾಕ್ಟರನ್ನೂ ಕರಕೊಂಡು ಬನ್ನಿ, ಬೀದಿ ಹೆಂಗಸರನ್ನೆಲ್ಲ ಸೇರಿಸೋದು ನನಗೆ ಬಿಡಿ.